ಸಾವಕಾರರ ವಾಚಿನ ದನಿ

...ಇನ್ನೊಮ್ಮೆ ಬಾಜೂದ ಗುಂಡಿ ಸರಸ್ರಿ, ಸಾವಕಾರ್ರ. ಕಿವಿಗೆ ಹಚ್ಚಿ ಹಿಡೀರಿ. ತಾಸು ಹೊಡೀತು, ಪಾವು ತಾಸೂ ಹೊಡೀತು, ಮಿನಿಟೂ ಹೊಡೀತು... ಹೆಂಗೈತಿ ದನಿ? ಬೆಳ್ಳಿ ಹಂಗ? ಮೊದಲಿನಕಿಂತಾ ಛಲೋ? ಇನ್ನೊಮ್ಮೆ ಅನ್ರಿ, ಕೇಳೂಣು.

ಯಾಕ ನಗಾಕತ್ತೀ ಅಂತೀರಿ? ಕುಂದ್ರಿ, ಹೇಳ್ತೇನಿ. ಚಹಾ ಬರ್ತೈತಿ.

ಇಂಥಾ ವಾಚು ಸಾಂಗ್ಲಿ-ಮಿರಜದಾಗ ಇದೊಂದ. ಫೆಬ್ರುವರಿಗೆ ಎಷ್ಟು ದಿನ ಅಂತ ತಾನ ತಿಳ್ಕೊಂತೈತಿ, ಕತ್ತಲಾಗ ಟೈಮು ಬಾರಿಸಿ ಹೇಳ್ತೈತಿ. ಆರನೂರು ಸಾಮಾನು ಒಳಗ! ಅವನ್ನೆಲ್ಲಾ ಬಿಚ್ಚಿ ಕೂಡ್ಸಾವ ನಾ ಒಬ್ಬನ ಇದ್ನಿ, ಈ ರಾವಸಾಬ, ಕುಪವಾಡದಾಗ ಕೂಲಿಗೆ ಹೋಗೂ ಕೆಂಪವ್ವನ ಮಗ. ಎಂಟು ವರ್ಷದ ಹಿಂದ ನೀವೇನ್ ಮಾಡಿದ್ರಿ? ನಿಮ್ಮ ವಾಚಿನ ಶೋಕಿದಾರರ ಮಂಡಳಿ ಊಟಕ್ಕ ನನ್ನ ಕರ್ಸಿ, ಹನ್ನೆರಡು ಮಂದಿ ಮುಂದ ನಿಂದ್ರಿಸಿ, ‘ಇವನ ಕೈ ಹತ್ತಿ ನನ್ನ ವಾಚಿನ ದನಿ ಕೆಟ್ಟೈತಿ’ ಅಂದ್ರಿ. ಊಟಾನೂ ಹಾಕ್ಲಿಲ್ಲ. ಅವತ್ತಿಂದ ಒಬ್ಬರೂ ನನ್ನ ಮುಂದ ಒಂದು ಛಲೋ ವಾಚು ಇಡ್ಲಿಲ್ಲ. ಸೆಲ್ ಹಾಕೇನಿ, ಪಟ್ಟಾ ಬದಲಿ ಮಾಡೇನಿ... ಎಂಟು ವರ್ಷ, ಸಾವಕಾರ್ರ, ಎಂಟು ವರ್ಷ.

ಈಗ ತಾರೀಖಿನ ಚಕ್ರ ಸಿಕ್ಕೊಂತು, ಮುಂಬೈದವ್ರು ಒಲ್ಲೆ ಅಂದ್ರು, ರಾವಸಾಬನ ನೆನಪಾತು. ಬರ್ಲಿ ಅಂತನ ಕಾದಿದ್ನಿ. ಮೊನ್ನೆ ನಿಮ್ಮ ಮನಿಯವ್ರು, ಸುನಂದಾಬಾಯಿಯವ್ರು, ಸಿಕ್ಕಿದ್ರು. ಇವರಿಗೆ ಮಾತಷ್ಟ ಕೇಳ್ತೈತಿ, ಪೂಜಿ ಗಂಟಿ ಕೇಳೂದಿಲ್ಲ ಅಂದ್ರು. ನನ್ನ ಹೊಟ್ಟ್ಯಾಗ ಹಾಲು ಹೊಯ್ದಂಗಾತು.

ಈ ಡಬ್ಬ್ಯಾಗ ನೋಡ್ರಿ. ಕಣ್ಣಿಗೆ ಚಾಳೀಸ ಹಾಕ್ಕೋರಿ. ನುಚ್ಚಿನಷ್ಟು ಎರಡು ಸುತ್ತಿಗಿ... ನಿಮ್ಮ ವಾಚಿನಾವ! ಗಂಟಿ ಹೊಡಿಯೂ ಸುತ್ತಿಗಿ ಇಲ್ಲಿ ಬಿದ್ದಾವು. ಬೆಳ್ಳಿ ಹಂಗ ದನಿ ನಿಮಗೆಲ್ಲಿಂದ ಕೇಳ್ತು?

ಕೆಟ್ಟಿದ್ದು ವಾಚಲ್ಲ, ನಿಮ್ಮ ಕಿವಿ. ರವಿವಾರ ಅದ ಹನ್ನೆರಡು ಮಂದಿ ಮುಂದ ನೀವ ಎದ್ದು ನಿಂತು ಹೇಳ್ಬೇಕು, ರಾವಸಾಬಂದು ತಪ್ಪಿರ್ಲಿಲ್ಲ ಅಂತ.

ಬೈರಿ ನನ್ನ. ಅವತ್ತ ಬೈದಂಗ ಬೈರಿ.

ಹೂಂ ಅಂತ ಗೋಣು ಹಾಕ್ತೀರಿ? ಹೇಳ್ತೀರಿ? ಅಷ್ಟ ಸರಳ? ಸಾವಕಾರ್ರ, ಕಣ್ಣೀರು ಯಾಕ... ಒರಸ್ಕೋರಿ. ಹಂಗ ಕುಂದರಬ್ಯಾಡ್ರಿ ನನ್ನ ಮುಂದ. ಏನರ ಅನ್ರಿ...

ಅವತ್ತ ನಿಮ್ಮ ಕಿವಿ ಛಲೋ ಇತ್ರಿ.

ನಾ ಮಿರಜದಾಗ ತಂಬೂರಿ ಮಾಡೂ ಓಣ್ಯಾಗ ಬೆಳದಾವ. ದನಿ ತುಂಬಿ ಬರ್ಲಿ ಅಂತ ಅವ್ರು ತಂತಿ ಹೊತ್ತ ಪಟ್ಟಿ, ಕುದರಿ ಅಂತಾರಲ್ಲ, ಅದನ್ನ ತಿಕ್ತಾರ. ನಾನೂ ಆಗ ಹಂಗ... ಸಣ್ಣ ಅರ ಹಿಡಿದು ಈ ವಾಚಿನಾಗ ಸುತ್ತಿಗಿ ಬಡಿಯೂ ಗಂಟಿ ತಂತಿ ಒಂದೀಟು ತಿಕ್ಕಿದ್ನಿ. ನೀವು ಕೇಳಿ ಶಾಬಾಸ್ ಅನ್ನಲಿ ಅಂತ. ದನಿ ಕೆಡ್ತು. ನಿಮಗಿಂತ ಮೊದಲ ನನಗ ಕೇಳಿತ್ತು.