ಕ್ರೆಡೆನ್ಜಾ ಮೇಜಿನ ಮೇಲಿನ ಕಾಫಿ

ಅಲ್ಲ ಮರಿ, ಇಟಲಿ ಭಾಷೆಯಲ್ಲಿ ಪದಗಳಿಗೇನು ಬರಗಾಲವಾ? ಹೂವಿಗೆ ಒಂದು ಪದ ಇರತ್ತೆ, ಬೆಕ್ಕಿಗೆ ಒಂದು ಇರತ್ತೆ... ಅಷ್ಟೆಲ್ಲ ಬಿಟ್ಟು ಇವತ್ತು ಬೆಳಿಗ್ಗೆ ಚಿಕ್ಕಪ್ಪನಿಗೆ ಇದೊಂದನ್ನೇ ಕಲಿಸಬೇಕು ಅಂತ ಯಾಕನ್ನಿಸ್ತು ನಿಂಗೆ? ಕ್ರೆಡೆನ್ಜಾ!

ಯಾಕೆ ನಗ್ತೀಯ? ಇಟಲಿಯವರೇ ಬಂದು ನನ್ನ ಹತ್ರ ಉಚ್ಚಾರಣೆ ತಿದ್ದಿಸ್ಕೊಂಡು ಹೋಗ್ಬೇಕು, ಹಾಗಿದೆ!

ಅರ್ಥಾನೂ ನೆನಪಿದೆ, ಕೇಳು. ಗೋಡೆಗೆ ಒತ್ತರಿಸಿ ಇಟ್ಟ ಮೇಜು, ಬಡಿಸೋ ಪಾತ್ರೆಗಳನ್ನ ಜೋಡಿಸೋದು. ಇಗೋ, ನಾನು ಮೊಣಕೈ ಊರಿದ್ದೀನಲ್ಲ, ಇಂಥದ್ದೇ. ಆದರೆ ಪದದ ಬೇರು ನಂಬಿಕೆ. ಹಿಂದೆ ದೊರೆಗಳ ಊಟಕ್ಕೆ ಯಾರಾದ್ರೂ ವಿಷ ಹಾಕಿದ್ರೆ ಅಂತ, ಆಳೊಬ್ಬ ಪಕ್ಕದ ಮೇಜಿನ ಹತ್ರ ನಿಂತು ಮೊದಲು ತಿಂದು ತೋರಿಸ್ತಿದ್ದ. ಅವನು ಉರುಳಲಿಲ್ಲ ಅಂದ್ರೆ ದೊರೆಗೆ ನಂಬಿಕೆ. ಆ ನಂಬಿಕೆ ಕೊನೆಗೆ ಮೇಜಿಗೇ ಹೆಸರಾಗಿ ಅಂಟ್ಕೊಂಡ್ತು. ಸರಿನಾ?

ಸರಿ. ಈಗ ನನ್ನ ಪ್ರಶ್ನೆ. ನಾನು ರುಚಿ ನೋಡಿ ‘ಆಯ್ತು’ ಅಂದ ಪಾತ್ರೆಗೆಲ್ಲ ನನ್ನ ಹಿಂದೆಯೇ ಬಂದು ನೀನು ಸೌಟು ಹಾಕ್ತೀಯಲ್ಲ, ಯಾಕೆ? ...ನೋಡಿಲ್ಲ ಅನ್ಕೊಂಡ್ಯಾ? ನನ್ನ ಬೆನ್ನಿಗೂ ಕಣ್ಣಿದೆ! ಈ ಹೋಟೆಲಿನ ಮುಖ್ಯ ಅಡುಗೆಯವನು ನಾನಾ, ನೀನಾ? ಸಂಜೆ ಹೊಸ ಮಾಲೀಕರು ಊಟಕ್ಕೆ ಬರ್ತಾರೆ. ಅಡುಗೆಮನೆ ಯಾರ ಕೈಲಿರಬೇಕು ಅಂತ ಉಂಡ ಮೇಲೇ ಹೇಳ್ತಾರಂತೆ. ಅದಕ್ಕಾ ಈ ಹುನ್ನಾರ? ಅಣ್ಣನ ಮಗಳು ಅಂತ ಕೈಹಿಡಿದು ಕಲಿಸಿದವನಿಗೇ ಬತ್ತಿ ಇಡ್ತೀಯಾ?

ತಲೆ ಅಲ್ಲಾಡಿಸ್ಬೇಡ. ನನ್ನ ನಾಲಿಗೆ ಎಂಥದ್ದು ಗೊತ್ತಾ! ಒಂದು ಹನಿ ಸೂಪು ಬಿಟ್ರೆ ಸಾಕು, ಈರುಳ್ಳಿ ಹೆಚ್ಚಿದವನು ಮನೇಲಿ ಜಗಳ ಆಡ್ಕೊಂಡು ಬಂದಿದ್ನಾ ಇಲ್ವಾ ಅಂತ ಹೇಳ್ತಿದ್ದೆ... ಹೇಳ್ತೀನಿ! ಈಗಲೂ ಹೇಳ್ತೀನಿ. ಮೊನ್ನೆ ಆ ಹಾಳು ಜ್ವರ ಬಂದು ಹೋದ ಮೇಲಂತೂ ಇನ್ನೂ ಚುರುಕಾಗಿದೆ.

ಯಾಕೆ, ಆ ಲೋಟಾನೇ ದಿಟ್ಟಿಸ್ತಿದ್ದೀಯ? ಕುಡಿದೆನಲ್ಲ, ತಳ ಕಾಣೋವರೆಗೂ. ಭೇಷಾಗಿತ್ತು ನೀನು ಕೊಟ್ಟ ಕಾಫಿ! ಸಕ್ಕರೆ ಎಷ್ಟು ಬೇಕೋ ಅಷ್ಟೇ, ಒಂದು ಹರಳು ಹೆಚ್ಚಿಲ್ಲ, ಕಮ್ಮಿ ಇಲ್ಲ...

ಏನು? ಬಾಯಿ ಬಿಡು. ಈ ಡಬ್ಬಿ ಯಾಕೆ ನನ್ನ ಮುಂದೆ ತಳ್ತಿದ್ದೀಯ?

...ಇದು ಸಕ್ಕರೆ ಡಬ್ಬಿ ಅಲ್ವಲ್ಲ.

ಉಪ್ಪಾ? ಕಾಫಿಗೆ... ಉಪ್ಪು ಹಾಕಿದ್ಯಾ?

ಹಾಗೆ ನೋಡ್ಬೇಡ.

...ಯಾವಾಗಿಂದ ಗೊತ್ತು ನಿಂಗೆ? ಹಾಗಾದ್ರೆ ನಿನ್ನೆ ಎಲ್ಲರೂ ಬಟ್ಟಲು ಬಳಿದು ತಿಂದ ಆ ಸೂಪು... ಅದನ್ನ ಸರಿ ಮಾಡಿದ್ದು ನೀನಾ? ನಾನು ಎದ್ದು ನಿಂತು ಶಹಬ್ಬಾಸ್ ಅನ್ನಿಸ್ಕೊಂಡೆನಲ್ಲೇ!

ಅಳ್ಬೇಡ ಕಣೆ. ಅಳೋ ಸರದಿ ನಂದು.

ಹೂಂ... ಬಾ. ಮೇಜಿನ ಈ ಪಕ್ಕ ನಿಂತ್ಕೋ. ಸೌಟು ಹಿಡಿ. ಸಂಜೆ ಮೊದಲು ನೀನು ರುಚಿ ನೋಡು. ಸರಿಯಿದ್ರೆ ಒಂದು ಸಲ ಕಣ್ಣು ಮಿಟುಕಿಸು, ಸಾಕು. ‘ಆಹಾ, ಅಮೃತ!’ ಅಂತ ಕೂಗೋ ಕೆಲಸ ನಂಗೆ ಬಿಡು. ಅದಕ್ಕಿನ್ನೂ ಈ ನಾಲಿಗೆ ಆಗತ್ತೆ.