ಥಿನ್ನರ್ ಬಿಟ್ಟ ಮೂರು ತಿಂಗಳು

ಬೆಳಿಗ್ಗೆ ಚಪಾತಿ ಲಟ್ಟಿಸುತ್ತಿದ್ದಾಗ ದಿಶಾಳ ಕೆಮ್ಮು ಜೋರಾಯಿತು. ಹಿಟ್ಟಿನ ಕೈ ಒರೆಸಿಕೊಂಡು ಮಗಳನ್ನು ಡೊಂಬಿವಲಿಯ ದವಾಖಾನೆಗೆ ಕರೆದೊಯ್ದೆ. ಪಕ್ಕದ ಬೆಂಚಿನಲ್ಲಿ ಗಂಡ ಹೆಂಡತಿ ಕುಳಿತಿದ್ದರು. ಪೇಂಟ್ ಕಂಪನಿಯ ಶರ್ಟು ತೊಟ್ಟಿದ್ದ ಅವನು ರಿಪೋರ್ಟನ್ನು ಎರಡೂ ಕೈಯಲ್ಲಿ ಹಿಡಿದಿದ್ದ.

“ವೀರ್ಯದ ಕೌಂಟ್ ದುಪ್ಪಟ್ಟ ಆಗೇದ, ನೋಡು!”

“ಔಷಧ ಇಲ್ದನ?”

“ಬಣ್ಣ ತೆಗಿಯೋ ಥಿನ್ನರ್‌ನ್ಯಾಗ ಕೈ ತೊಳಿಯೋದು ಬಿಟ್ಟೆ, ಪ್ಯಾಕಿಂಗ್ ಕೆಲಸಕ್ಕ ಹೋದೆ, ಅಷ್ಟ. ಅದರ ವಿಷಾನ ವೀರ್ಯ ಕೆಡಸತಿತ್ತಂತ. ಮೂರು ತಿಂಗಳಿಗೆ ಮೈ ಅದನ್ನ ಹೊಸದಾಗಿ ಮಾಡ್ಕೋತದಂತ.”

“ಅಬ್ಬಾ! ನಾ ಆರು ವರ್ಷ ಸೋಮವಾರ ಉಪವಾಸ ಮಾಡೀನಿ. ನಿಮ್ಮವ್ವ ನನ್ನ ಬಂಜಿ ಅಂದ್ಲು.”

“ಅವ್ವಗ ಇವತ್ತ ನಾನ ಹೇಳ್ತೀನಿ. ಇನ್ನ ಸೋಮವಾರದ ಉಪವಾಸ ನನ್ನ ಪಾಳಿ.”

ಅವಳು ನಗುತ್ತಲೇ ಕಣ್ಣೊರೆಸಿಕೊಂಡಳು. ಒಳಗಿನಿಂದ ಡಾಕ್ಟರ್ ಕರೆದರು, ಇಬ್ಬರೂ ಎದ್ದರು. ಕೆಮ್ಮುವುದನ್ನೂ ಮರೆತು ಕೇಳುತ್ತಿದ್ದ ದಿಶಾ ಹಿಂದಿನಿಂದ ಕೂಗಿದಳು:

“ಆಂಟೀ, ಈಗ ಪಾಪು ಬರ್ತದಾ?”