ಹಕ್ಕಿ ಮುಟ್ಟದ ಹಣ್ಣು

ಬಸ್ಸಿನ ಬಾಗಿಲ ಬಳಿ ಕೂತಿದ್ದ ದರ್ಜಿಯ ಮುಂದಿನ ಸೀಟಿನಲ್ಲಿ ಇಬ್ಬರು ಗೆಳತಿಯರು. ಒಬ್ಬಳ ಮಡಿಲಲ್ಲಿ ಗಿಡವಿದ್ದ ಕುಂಡ. ಗಿಡದ ತುಂಬ ಹಸುವಿನ ಕೆಚ್ಚಲಿನಂಥ ಹಳದಿ ಹಣ್ಣುಗಳು.

“ಅಮ್ಮನ ಮನೇನ ಒಬ್ಬಳೇ ಬರೆಸಿಕೊಂಡ ನಿಮ್ಮಕ್ಕನಿಗೆ ಉಡುಗೊರೆ ಬೇರೆ ಕೇಡು!” ಎಂದಳು ಇನ್ನೊಬ್ಬಳು.

“ಹೋಗ್ಲಿ ಬಿಡೇ, ಒಡಹುಟ್ಟಿದವಳು.”

“ಹಣ್ಣು ಮಾತ್ರ ಚೆಂದ. ತಿನ್ನಬಹುದಾ?”

“ಥೂ, ಹಕ್ಕೀನೂ ಮುಟ್ಟಲ್ಲ. ನಮ್ಮ ನಾಯಿ ತಿಂದು ಬೆಳಗಾಗೋದರೊಳಗೆ ಸತ್ತುಹೋಯ್ತು.”

“ಅಯ್ಯೋ! ನಿಮ್ಮಕ್ಕ ಯಾವ ಹಣ್ಣು ಕಂಡ್ರೂ ಜಾಮ್ ಮಾಡಿಡ್ತಾಳಲ್ಲೇ. ಹೇಳಿದೀಯ ತಾನೇ?”

“ಕೇಳಿದ್ರೆ ಹೇಳ್ತೀನಿ.”

ಗೆಳತಿ ಕುಂಡಕ್ಕೆ ತಾಗಿದ್ದ ಸೆರಗನ್ನು ಎಳೆದುಕೊಂಡಳು.

ಸ್ಟಾಪು ಬಂತು. ಗಿಡದವಳು ಕುಂಡವನ್ನು ಬಾಗಿಲಲ್ಲಿಟ್ಟು ಕೆಳಗಿಳಿದು, ದರ್ಜಿಯತ್ತ ಕೈ ಚಾಚಿದಳು.

“ಅಣ್ಣಾ, ಅದನ್ನ ಸ್ವಲ್ಪ ಎತ್ತಿ ಕೊಡ್ತೀರಾ? ಹುಷಾರು, ಹಣ್ಣು ಉದುರೀತು.”

ಎಲ್ಲ ಕೇಳಿಸಿಕೊಂಡಿದ್ದ ದರ್ಜಿ, ಒಂದೂ ಉದುರದಂತೆ ಎತ್ತಿ ಕೊಟ್ಟ.